ಮಳೆ ನಿಂತ ಮೇಲೆ ಬರುವ ಜ್ವರ: ಇಲಿ, ಕೆಸರು ನೀರು ಮತ್ತು ಬದಲಾದ ಮಳೆಗಾಲ

ಮಳೆಗಾಲದಲ್ಲಿ ಜ್ವರ ಅಂದ ಕೂಡಲೇ ಕರಾವಳಿಯವರಿಗೆ ನೆನಪಾಗುವುದು ಸೊಳ್ಳೆ. ಡೆಂಗಿ, ಮಲೇರಿಯಾ ಎರಡೂ ಮಂಗಳೂರು, ಕಾಸರಗೋಡು ಭಾಗದ ಜನರಿಗೆ ಹಳೆಯ ಪರಿಚಯ. ಮನೆಯ ಸುತ್ತ ನೀರು ನಿಲ್ಲಬಾರದು, ತೆಂಗಿನ ಚಿಪ್ಪು ಕವುಚಿ ಹಾಕಬೇಕು, ಹಳೆ ಟಯರ್ ಹೊರಗೆ ಬಿಡಬಾರದು ಅಂತ ಶಾಲೆಯ ಮಕ್ಕಳೂ ಹೇಳುತ್ತಾರೆ. ಆದರೆ ಅದೇ ಮಳೆ, ಅದೇ ನಿಂತ ನೀರು ಇನ್ನೊಂದು ಜ್ವರವನ್ನೂ ತರುತ್ತದೆ. ಅದಕ್ಕೆ ಸೊಳ್ಳೆ ಬೇಡ, ಯಾವುದೂ ಕಚ್ಚುವುದೂ ಬೇಡ. ಕಾಲಿನಲ್ಲಿ ಒಂದು ಸಣ್ಣ ಗೀರು ಇದ್ದು, ಆ ಕಾಲು ಇಲಿಯ ಮೂತ್ರ ಬೆರೆತ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆದರೆ ಸಾಕು. ಕೇರಳದ ಮಲಯಾಳಂ ಪೋಸ್ಟರ್‌ಗಳಲ್ಲಿ ‘ಎಲಿಪ್ಪನಿ’ ಎಂದೂ ಕನ್ನಡದಲ್ಲಿ ‘ಇಲಿ ಜ್ವರ’ ಎಂದೂ ಬರೆಯುವ ಈ ಕಾಯಿಲೆಯ ವೈದ್ಯಕೀಯ ಹೆಸರು ಲೆಪ್ಟೊಸ್ಪೈರೋಸಿಸ್.

ಇದೇನು ಅಪರೂಪದ ಕಾಯಿಲೆ ಅಲ್ಲ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 10.3 ಲಕ್ಷ ಜನರಿಗೆ ಇದು ಬರುತ್ತದೆ, 58,900 ಜನ ಸಾಯುತ್ತಾರೆ ಎಂದು 2015ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಸಮಯಕ್ಕೆ ಸರಿಯಾಗಿ ಕೊಟ್ಟರೆ ಕಡಿಮೆ ಬೆಲೆಯ ಆ್ಯಂಟಿಬಯೋಟಿಕ್‌ಗೇ ಬಗ್ಗುವ ಕಾಯಿಲೆ ಇದು. ಆದರೂ ಇಷ್ಟು ಜನ ಸಾಯುವುದಕ್ಕೆ ದೊಡ್ಡ ಕಾರಣ ತಡ. ತಡ ಆಗುವುದಕ್ಕೆ ಒಂದು ಕಾರಣ, ಮಳೆಗೂ ಈ ಜ್ವರಕ್ಕೂ ಇರುವ ಸಂಬಂಧ ಜನರಿಗೆ ಸರಿಯಾಗಿ ಗೊತ್ತಿಲ್ಲದಿರುವುದು.

ಇಲಿಗೆ ಏನೂ ಆಗುವುದಿಲ್ಲ

ಲೆಪ್ಟೊಸ್ಪೈರ ಒಂದು ಬ್ಯಾಕ್ಟೀರಿಯಾ. ಸ್ಪ್ರಿಂಗ್ ಹಾಗೆ ಸುರುಳಿ, ತುದಿಯಲ್ಲಿ ಕೊಕ್ಕೆಯಂತೆ ಬಾಗಿರುತ್ತದೆ. ನೋಡಲು ಪ್ರಶ್ನಾರ್ಥಕ ಚಿಹ್ನೆಯ ಹಾಗೆ ಇರುವುದರಿಂದಲೇ ಅದರ ಒಂದು ಮುಖ್ಯ ಜಾತಿಗೆ ‘ಇಂಟೆರೊಗಾನ್ಸ್’ ಎಂಬ ಹೆಸರು ಬಂತು. 1915ರ ಹೊತ್ತಿಗೆ ಜಪಾನಿನ ಇನಾಡಾ ಮತ್ತು ಇಡೊ ಎಂಬ ವಿಜ್ಞಾನಿಗಳು ಈ ಜ್ವರಕ್ಕೆ ಇದೇ ಕಾರಣ ಎಂದು ತೋರಿಸಿದರು. ಅಲ್ಲಿ ಕಲ್ಲಿದ್ದಲು ಗಣಿಯ ನೀರಿನಲ್ಲಿ ನಿಂತು ದುಡಿಯುವವರಿಗೆ ಈ ಕಾಯಿಲೆ ಹೆಚ್ಚಾಗಿ ಬರುತ್ತಿತ್ತು.

ಈ ಬ್ಯಾಕ್ಟೀರಿಯಾ ಇಲಿಯ ಮೂತ್ರಪಿಂಡದಲ್ಲಿ ಮನೆ ಮಾಡಿಕೊಂಡಿರುತ್ತದೆ. ಇಲಿಗೆ ಅದರಿಂದ ಕಾಯಿಲೆ ಇಲ್ಲ, ತೊಂದರೆ ಇಲ್ಲ. ತಿಂಗಳುಗಟ್ಟಲೆ, ಕೆಲವೊಮ್ಮೆ ಬದುಕಿರುವಷ್ಟು ಕಾಲವೂ ಮೂತ್ರದಲ್ಲಿ ರೋಗಾಣು ಹೊರಗೆ ಹಾಕುತ್ತಾ ಓಡಾಡಿಕೊಂಡಿರುತ್ತದೆ. ಹೆಗ್ಗಣವೂ ಅಷ್ಟೇ. ದನ, ಹಂದಿ, ನಾಯಿಗಳ ಮೂತ್ರದಲ್ಲಿಯೂ ಇದು ಇರಬಹುದು, ಹಾಗಾಗಿ ಹಟ್ಟಿ ತೊಳೆಯುವವರಿಗೂ ಅಪಾಯ ಉಂಟು. ಆದರೆ ಮನುಷ್ಯನ ಅಂಗಡಿ, ಮನೆ, ಚರಂಡಿಗೆ ಅತೀ ಹತ್ತಿರ ಇರುವುದು ಇಲಿಯೇ.

ಒಬ್ಬರಿಂದ ಇನ್ನೊಬ್ಬರಿಗೆ ಈ ಜ್ವರ ಹರಡುವುದು ತೀರಾ ಅಪರೂಪ. ಜ್ವರ ಬಂದವರ ಮನೆಗೆ ಹೋಗುವುದಕ್ಕೆ ಹೆದರುವ ಅಗತ್ಯ ಇಲ್ಲ. ಇಲಿ ಕಚ್ಚುವುದೂ ಮುಖ್ಯ ದಾರಿ ಅಲ್ಲ. ದಾರಿ ನೀರು. ಗಾಯದ ಮೂಲಕ, ನೀರಿನಲ್ಲಿ ನೆನೆದು ಬಿರಿದ ಚರ್ಮದ ಮೂಲಕ, ಕಣ್ಣು, ಮೂಗು, ಬಾಯಿಯ ಒಳಚರ್ಮದ ಮೂಲಕ ಅದು ಒಳಗೆ ಹೋಗುತ್ತದೆ. ಇಡೀ ದಿನ ಕೆಸರಿನಲ್ಲಿ ನಿಂತವರ ಕಾಲ್ಬೆರಳ ಸಂದು ಮಳೆಗಾಲದಲ್ಲಿ ಹೇಗಿರುತ್ತದೆ ಅಂತ ಇಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ.

ಹವಾಮಾನ ಎಲ್ಲಿ ಬಂತು?

ಈ ರೋಗಾಣುವಿಗೆ ಮೂರು ಶತ್ರುಗಳು: ಒಣಗುವುದು, ಬಿಸಿಲು, ಉಪ್ಪು. ಇಲಿ ಒಣ ಸಿಮೆಂಟ್ ನೆಲದ ಮೇಲೆ ಮೂತ್ರ ಮಾಡಿ, ಅದರ ಮೇಲೆ ಬಿಸಿಲು ಬಿದ್ದರೆ ರೋಗಾಣು ಬೇಗ ಸಾಯುತ್ತದೆ. ಸಮುದ್ರದ ನೀರಿನಲ್ಲಿಯೂ ಅದು ಹೆಚ್ಚು ಕಾಲ ಉಳಿಯುವುದಿಲ್ಲ. ಅದೇ ಮೂತ್ರ ಸಿಹಿನೀರಿನ ಹೊಂಡಕ್ಕೆ, ಒದ್ದೆ ಮಣ್ಣಿಗೆ, ನೆರಳಿನ ಚರಂಡಿಗೆ ಬಿದ್ದರೆ ವಾರಗಟ್ಟಲೆ ಬದುಕಿರುತ್ತದೆ. ಲ್ಯಾಬಿನಲ್ಲಿ ಇದನ್ನು ಬೆಳೆಸುವುದು ಸುಮಾರು 28ರಿಂದ 30 ಡಿಗ್ರಿ ಉಷ್ಣತೆಯಲ್ಲಿ. ಮಳೆಗಾಲದ ಕರಾವಳಿಯಲ್ಲಿ ನಿಂತ ನೀರಿನ ಬಿಸಿ ಅದಕ್ಕೆ ಹೆಚ್ಚುಕಮ್ಮಿ ಹತ್ತಿರವೇ. ಜೂನ್‌ನಿಂದ ಅಕ್ಟೋಬರ್‌ವರೆಗೆ ತಲಪಾಡಿಯಿಂದ ತ್ರಿಕರಿಪುರದವರೆಗೆ ನೆಲ ಒಣಗುವುದೇ ಇಲ್ಲ ಅನ್ನುವಾಗ ಲೆಕ್ಕ ಅರ್ಥವಾಗುತ್ತದೆ.

ಮಳೆ ಇಲಿಯನ್ನೂ ಎಬ್ಬಿಸುತ್ತದೆ. ಗದ್ದೆಯ ಬದು, ತೋಟದ ಕಣಿ, ಚರಂಡಿಯ ಕಲ್ಲಿನ ಸಂದು ಇಲ್ಲೆಲ್ಲ ಇರುವ ಬಿಲಗಳಿಗೆ ನೀರು ನುಗ್ಗಿದಾಗ ಅವು ಎತ್ತರದ ಒಣ ಜಾಗ ಹುಡುಕುತ್ತವೆ. ಎತ್ತರದ ಒಣ ಜಾಗ ಅಂದರೆ ಯಾವುದು? ಮನೆಯ ಅಟ್ಟ, ಅಂಗಡಿಯ ಗೋದಾಮು, ಅಕ್ಕಿ ಮೂಟೆಯ ಹಿಂಬದಿ, ಅಡಿಕೆ ಒಟ್ಟಿದ ಕೋಣೆ. ತಿನ್ನಲಿಕ್ಕೂ ಅಲ್ಲೇ ಉಂಟು. ಹೆಣ್ಣಿಲಿ ಮೂರು ವಾರದಲ್ಲಿ ಮರಿ ಹಾಕುತ್ತದೆ, ಒಂದು ಸಲಕ್ಕೆ ಆರೆಂಟು ಮರಿ, ಆ ಮರಿಗಳು ಎರಡು ಮೂರು ತಿಂಗಳಲ್ಲಿ ಮತ್ತೆ ಮರಿ ಹಾಕಲು ತಯಾರು. ಬಡ್ಡಿಗೆ ಚಕ್ರಬಡ್ಡಿ ಸೇರುವ ಹಾಗೆ. ಮಳೆಗಾಲದ ಆರಂಭದಲ್ಲಿ ಒಂದು ಜೋಡಿಯನ್ನು ಅಸಡ್ಡೆ ಮಾಡಿದ ಗೋದಾಮಿನಲ್ಲಿ ಮಳೆಗಾಲ ಮುಗಿಯುವಾಗ ಎಷ್ಟಿರಬಹುದು ಅಂತ ವ್ಯಾಪಾರ ಮಾಡುವವರಿಗೆ ಹೇಳಬೇಕಾಗಿಲ್ಲ.

ಇನ್ನು ಸಮಯದ ವಿಷಯ. ಜನ ಎಡವುವುದು ಇಲ್ಲೇ. ರೋಗಾಣು ದೇಹಕ್ಕೆ ಹೊಕ್ಕ ಮೇಲೆ ಜ್ವರ ಬರಲು ಸಾಮಾನ್ಯವಾಗಿ 5ರಿಂದ 14 ದಿನ ಬೇಕು. ಕೆಲವರಲ್ಲಿ ಎರಡೇ ದಿನ, ಕೆಲವರಲ್ಲಿ ಒಂದು ತಿಂಗಳು. ಸೋಂಕು ತಗಲುವುದು ಮಳೆ ಜೋರಾಗಿ ಸುರಿದ ದಿನವೇ ಆಗಬೇಕೆಂದಿಲ್ಲ, ನೀರು ಇಳಿದು ಕೆಸರು ಗುಡಿಸುವ ದಿನವೂ ಆಗಬಹುದು. ಎರಡನ್ನೂ ಕೂಡಿಸಿದರೆ, ಮಳೆ ನಿಂತು ಎರಡು ಮೂರು ವಾರ ಕಳೆದು, ಬಿಸಿಲು ಬಂದು, ಟಿವಿಯಲ್ಲಿ ನೆರೆಯ ಸುದ್ದಿ ಮುಗಿದ ಮೇಲೆ ಜ್ವರ ಶುರುವಾಗುತ್ತದೆ. ಆಗ ಯಾರಿಗೂ ಆ ದಿನದ ಕೆಸರು ನೀರು ನೆನಪಿರುವುದಿಲ್ಲ. ವೈದ್ಯರು ಕೇಳಿದರೂ ‘ಹಾಗೇನೂ ಇಲ್ಲ’ ಎಂಬ ಉತ್ತರ ಬರುತ್ತದೆ.

2018ರ ಸೆಪ್ಟೆಂಬರ್

ಇದಕ್ಕೆ ಕೇರಳಕ್ಕಿಂತ ಸ್ಪಷ್ಟ ಉದಾಹರಣೆ ಬೇಡ. 2018ರ ಆಗಸ್ಟ್ 1ರಿಂದ 19ರವರೆಗೆ ರಾಜ್ಯದಲ್ಲಿ ಸುರಿದ ಮಳೆ 758.6 ಮಿಲಿಮೀಟರ್. ಆ ದಿನಗಳ ವಾಡಿಕೆ ಮಳೆ 287.6 ಮಿ.ಮೀ. ಮಾತ್ರ. ನೆರೆ ಮತ್ತು ಗುಡ್ಡ ಕುಸಿತಕ್ಕೆ 400ಕ್ಕೂ ಹೆಚ್ಚು ಜನ ಬಲಿಯಾದರು. ಹಾನಿ ಹೆಚ್ಚಾದದ್ದು ಕಾಸರಗೋಡಿಗಿಂತ ದಕ್ಷಿಣದ ಜಿಲ್ಲೆಗಳಲ್ಲಿ ಮತ್ತು ವಯನಾಡಿನಲ್ಲಿ. ಅದೇ ದಿನಗಳಲ್ಲಿ ಗಡಿಯಾಚೆ ಕೊಡಗಿನಲ್ಲಿಯೂ ಗುಡ್ಡ ಕುಸಿಯಿತು.

ಆಗಸ್ಟ್ ಕೊನೆಗೆ ನೀರು ಇಳಿಯಿತು. ಜನ ಶಿಬಿರಗಳಿಂದ ಮನೆಗೆ ಮರಳಿದರು. ಊರೂರಿನಿಂದ ಯುವಕರ ತಂಡಗಳು ಹಾರೆ, ಗುದ್ದಲಿ ಹಿಡಿದುಕೊಂಡು ಮನೆ ತೊಳೆಯಲು ಹೊರಟವು. ಇಲಿ ಜ್ವರದ ಪ್ರಕರಣಗಳು ದಿಢೀರ್ ಏರಿದ್ದು ಆಗಲೇ, ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್ ಮೊದಲ ವಾರದಲ್ಲಿ. ನೆರೆ ಸಂತ್ರಸ್ತರು ಮಾತ್ರ ಅಲ್ಲ, ಸ್ವಚ್ಛತೆಗೆ ಇಳಿದ ಸ್ವಯಂಸೇವಕರೂ ಡಾಕ್ಸಿಸೈಕ್ಲಿನ್ ಮಾತ್ರೆ ತಗೊಳ್ಳಬೇಕು ಎಂದು ಸರಕಾರ ಹೇಳಬೇಕಾಯಿತು. ಯಾವ ಊರಿಗೆ ಕಷ್ಟ ಬಂದರೂ ಮೊದಲು ಓಡುವ ನಮ್ಮ ಕಡೆಯ ಹುಡುಗರು ಈ ವಿಷಯ ತಿಳಿದಿರಲೇಬೇಕು. ಸಹಾಯದ ಲಾರಿಯಲ್ಲಿ ಅಕ್ಕಿ, ಬೆಡ್‌ಶೀಟ್ ಇರುತ್ತದೆ. ಗಮ್‌ಬೂಟು ಮತ್ತು ಕೈಗವಸು ಇರುವುದು ಕಡಿಮೆ.

ಮುಂಬೈಯಲ್ಲಿ ವ್ಯಾಪಾರ, ನೌಕರಿ ಮಾಡಿದ ಕರಾವಳಿಯವರಿಗೆ 2005ರ ಜುಲೈ 26 ಮರೆಯುವ ದಿನ ಅಲ್ಲ. ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿ.ಮೀ. ಮಳೆ. ಎದೆಮಟ್ಟದ ನೀರಿನಲ್ಲಿ ಲಕ್ಷಾಂತರ ಜನ ನಡೆದು ಮನೆ ಸೇರಿದರು. ನಂತರದ ವಾರಗಳಲ್ಲಿ ಅಲ್ಲಿಯೂ ಇಲಿ ಜ್ವರ ಏರಿತು. ಈಗ ಅಲ್ಲಿನ ಮಹಾನಗರಪಾಲಿಕೆ, ನಿಂತ ನೀರಿನಲ್ಲಿ ನಡೆದವರು 72 ಗಂಟೆಯೊಳಗೆ ವೈದ್ಯರ ಸಲಹೆಯಂತೆ ಮಾತ್ರೆ ತಗೊಳ್ಳಬೇಕು ಎಂದು ಮಳೆಗಾಲದಲ್ಲಿ ಪ್ರಕಟಣೆ ಕೊಡುತ್ತದೆ. 1995ರಲ್ಲಿ ಮಧ್ಯ ಅಮೆರಿಕದ ನಿಕರಾಗುವದಲ್ಲಿ ನೆರೆಯ ಬಳಿಕ ಜ್ವರ ಬಂದು, ಶ್ವಾಸಕೋಶದಲ್ಲಿ ರಕ್ತಸ್ರಾವವಾಗಿ ಜನ ಸಾಯತೊಡಗಿದಾಗ ಮೊದಲು ಅದು ಡೆಂಗಿ ಇರಬಹುದು ಎಂದುಕೊಂಡಿದ್ದರು. ಪರೀಕ್ಷೆ ಮಾಡಿ ನೋಡಿದರೆ ಲೆಪ್ಟೊಸ್ಪೈರೋಸಿಸ್.

ಮಳೆಯ ಸ್ವಭಾವವೇ ಬದಲಾದರೆ

ಗಾಳಿಯ ಉಷ್ಣತೆ ಒಂದು ಡಿಗ್ರಿ ಏರಿದರೆ ಅದು ಹಿಡಿದಿಡುವ ತೇವಾಂಶ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ. ಅರಬ್ಬಿ ಸಮುದ್ರ ಬಿಸಿಯಾಗುತ್ತಿದೆ. ಪುಣೆಯ ಹವಾಮಾನ ವಿಜ್ಞಾನಿ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1950ರಿಂದ 2015ರ ನಡುವೆ ಮಧ್ಯ ಭಾರತದಲ್ಲಿ ವ್ಯಾಪಕವಾದ ಅತಿವೃಷ್ಟಿಯ ಘಟನೆಗಳು ಮೂರು ಪಟ್ಟಾಗಿವೆ. ಅದಕ್ಕೆ ಬೇಕಾದ ತೇವಾಂಶ ಹೋಗುತ್ತಿರುವುದು ಇದೇ ಅರಬ್ಬಿ ಸಮುದ್ರದಿಂದ. 2025ರಲ್ಲಿ ಮುಂಗಾರು ಕೇರಳಕ್ಕೆ ಮೇ 24ರಂದೇ ಕಾಲಿಟ್ಟಿತು, ವಾಡಿಕೆಗಿಂತ ಎಂಟು ದಿನ ಮುಂಚೆ. ಒಂದು ವರ್ಷದ ಕತೆ ಹಿಡಿದು ಹವಾಮಾನ ಬದಲಾಯಿತು ಅನ್ನಲು ಆಗುವುದಿಲ್ಲ, ಅದು ಬೇರೆ ಮಾತು. ಆದರೆ ಚರಂಡಿ ಹೂಳೆತ್ತುವುದು ಜೂನ್ ಒಂದಕ್ಕೆ ಮುಗಿದರೆ ಸಾಕು ಎಂಬ ಲೆಕ್ಕದಲ್ಲಿ ಕೂತವರಿಗೆ ಅದು ಸಾಕಷ್ಟು ಪಾಠ ಕಲಿಸಿತು.

ತಿಂಗಳಿಡೀ ಜಿಟಿಜಿಟಿ ಸುರಿಯಬೇಕಾದ ಮಳೆ ನಾಲ್ಕೇ ದಿನದಲ್ಲಿ ಹೊಯ್ದು, ಮತ್ತೆ ಹತ್ತು ದಿನ ಬಿಸಿಲು, ಮತ್ತೆ ಮಳೆ. ಈ ರೀತಿಯ ಮಳೆ ಇಲಿ ಜ್ವರಕ್ಕೆ ಅನುಕೂಲ. ಹೊಯ್ದಾಗ ಚರಂಡಿ ಉಕ್ಕಿ ಬಿಲದ ನೀರು ಅಂಗಳಕ್ಕೆ ಬರುತ್ತದೆ. ನಿಂತಾಗ ಅದೇ ನೀರು ಹೊಂಡದಲ್ಲಿ ಉಳಿಯುತ್ತದೆ, ಜನ ಧೈರ್ಯವಾಗಿ ಕೆಲಸಕ್ಕೆ ಇಳಿಯುತ್ತಾರೆ. ಪೇಟೆಗಳು ಬೆಳೆದ ರೀತಿಯೂ ಇದಕ್ಕೆ ಸೇರಿಕೊಂಡಿದೆ. ಗದ್ದೆಗೆ ಮಣ್ಣು ತುಂಬಿ ಕಟ್ಟಡ ಎಬ್ಬಿಸಿದಲ್ಲಿ ನೀರು ಹೋಗುವ ದಾರಿ ಇಲ್ಲ, ಕಸ ಹಾಕುವ ಜಾಗ ಮಾತ್ರ ಧಾರಾಳ. ಹಾಗಾಗಿ ತಪ್ಪು ಆಕಾಶದ್ದು ಮಾತ್ರ ಅನ್ನುವುದು ಸರಿಯಲ್ಲ.

ಇಲಿಯ ಎಲ್ಲ ರೋಗಗಳೂ ಮಳೆಯ ನೀರಿನಿಂದಲೇ ಬರುತ್ತವೆ ಎಂದಲ್ಲ. 1896ರಲ್ಲಿ ಮುಂಬೈಗೆ, 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗ್ ಹರಡಿದ್ದು ಇಲಿಯ ಮೈಮೇಲಿನ ಚಿಗಟದಿಂದ. ಕಡುಬೇಸಿಗೆಯ ಒಣ ಸೆಕೆಯಲ್ಲಿ ಚಿಗಟಗಳು ಬೇಗ ಸಾಯುತ್ತವೆ, ರೋಗ ಹರಡುವ ಅವುಗಳ ಶಕ್ತಿಯೂ ಕುಂದುತ್ತದೆ. ಅದಕ್ಕೇ ಆಗಿನ ಪ್ಲೇಗ್ ಬೇಸಿಗೆಗೆ ತಗ್ಗಿ, ತಂಪಿಗೆ ಮತ್ತೆ ಏಳುತ್ತಿತ್ತು. 1993ರಲ್ಲಿ ಅಮೆರಿಕದ ಒಣ ಸೀಮೆ ನ್ಯೂ ಮೆಕ್ಸಿಕೊ, ಅರಿಜೋನಾ ಭಾಗದಲ್ಲಿ ಆರೋಗ್ಯವಂತ ಯುವಕರು ಉಸಿರು ಕಟ್ಟಿ ಸತ್ತರು. ಅದಕ್ಕೆ ಕಾರಣ ಹಂಟಾ ವೈರಸ್. ಎಲ್ ನಿನೊ ತಂದ ಹೆಚ್ಚಿನ ಮಳೆಯಿಂದ ಕಾಡಿನಲ್ಲಿ ಬೀಜ, ಕಾಯಿ ಚೆನ್ನಾಗಿ ಬೆಳೆದು, ಅದನ್ನು ತಿಂದ ಒಂದು ಜಾತಿಯ ಇಲಿಗಳು ವಿಪರೀತ ಹೆಚ್ಚಿದ್ದವು. ಅವುಗಳ ಒಣಗಿದ ಹಿಕ್ಕೆ, ಮೂತ್ರದ ದೂಳನ್ನು ಜನ ಉಸಿರಾಡಿದ್ದರು. ಒಂದು ರೋಗಕ್ಕೆ ಒದ್ದೆ ಬೇಕು, ಇನ್ನೊಂದಕ್ಕೆ ತಂಪು, ಮತ್ತೊಂದಕ್ಕೆ ದೂಳು. ಕರಾವಳಿಯದು ಒದ್ದೆಯ ಲೆಕ್ಕ.

ಯಾರಿಗೆ ಹೆಚ್ಚು?

ಅಡಿಕೆ ತೋಟದ ಕಣಿಯಲ್ಲಿ ಹೂಳೆತ್ತುವವರು, ಗದ್ದೆ ಕೆಲಸದವರು, ಚರಂಡಿ ಕಾರ್ಮಿಕರು, ಉದ್ಯೋಗ ಖಾತ್ರಿಯಲ್ಲಿ ತೋಡು ಸ್ವಚ್ಛ ಮಾಡುವ ಹೆಂಗಸರು. ಇವರ ಹೆಸರು ಎಲ್ಲ ಪಟ್ಟಿಯಲ್ಲೂ ಇರುತ್ತದೆ. ಪಟ್ಟಿಯಲ್ಲಿ ಕಾಣದವರೂ ಇದ್ದಾರೆ. ಗುಜರಿ ಅಂಗಡಿಯಲ್ಲಿ ನೀರು ತುಂಬಿದ ಹಳೆ ಡಬ್ಬ, ತಗಡಿನ ನಡುವೆ ಬರಿಗೈಯಲ್ಲಿ ಕೆಲಸ ಮಾಡುವವರು. ತಗಡು ತಾಗಿದ ಗಾಯ ಅಲ್ಲಿ ನಿತ್ಯದ ಮಾತು. ಮೀನು ಮಾರುಕಟ್ಟೆಯಲ್ಲಿ ಬೆಳಿಗ್ಗೆಯಿಂದ ಐಸ್ ನೀರಿನಲ್ಲಿ ನಿಲ್ಲುವವರು, ಕೈಯಲ್ಲಿ ಮೀನಿನ ಮುಳ್ಳು ಚುಚ್ಚಿದ ಗಾಯ ಇದ್ದೇ ಇರುತ್ತದೆ. ಗೋದಾಮಿನಿಂದ ಮೂಟೆ ಹೊರುವವರು. ಹೋಟೆಲಿನ ಹಿಂಬದಿ ಪಾತ್ರೆ ತೊಳೆಯುವವರು.

ಇನ್ನು ಮಕ್ಕಳು, ಯುವಕರು. ಕೆಸರುಗದ್ದೆ ಕ್ರೀಡಾಕೂಟ, ಮಳೆಯಲ್ಲಿ ಫುಟ್‌ಬಾಲ್, ತೋಡಿನಲ್ಲಿ ಈಜು, ಮೊದಲ ಮಳೆಗೆ ಗದ್ದೆಗೆ ಏರಿ ಬರುವ ಮೀನು ಹಿಡಿಯುವುದು. ಇವನ್ನೆಲ್ಲ ನಿಲ್ಲಿಸಿ ಅಂದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಕಾಲಿನಲ್ಲಿ ಗಾಯ ಇರುವವರು ಇಳಿಯಬಾರದು, ಇಳಿದವರು ಆಟ ಮುಗಿದ ಕೂಡಲೇ ಸೋಪು ಹಾಕಿ ಸ್ನಾನ ಮಾಡಬೇಕು, ಮುಂದಿನ ಮೂರು ನಾಲ್ಕು ವಾರದಲ್ಲಿ ಜ್ವರ ಬಂದರೆ ಆ ದಿನವನ್ನು ನೆನಪು ಮಾಡಿ ವೈದ್ಯರಿಗೆ ಹೇಳಬೇಕು. ಆಟ ಏರ್ಪಡಿಸುವ ಕ್ಲಬ್ಬಿನವರು ಮೈಕಿನಲ್ಲಿ ಇಷ್ಟು ಹೇಳಿದರೆ ದೊಡ್ಡ ಉಪಕಾರ.

ಎರಡು ದಿನ ಬಿಟ್ಟು ಹೋಗುವ ಜ್ವರ

ಜ್ವರ ಒಮ್ಮೆಲೇ ಏರುತ್ತದೆ. ಚಳಿ, ತಲೆನೋವು, ಮೈಕೈ ನೋವು. ಇಷ್ಟಾದರೆ ಯಾವ ಜ್ವರವೂ ಆಗಬಹುದು. ಇಲಿ ಜ್ವರದ ಗುರುತು ಮೀನಖಂಡ ಮತ್ತು ಸೊಂಟದ ತೀವ್ರ ನೋವು. ಮೀನಖಂಡ ಒತ್ತಿದರೆ ಕಿರುಚುವಷ್ಟು ನೋವು ಕೆಲವರಿಗೆ. ಕಣ್ಣು ಕೆಂಪಾಗುತ್ತದೆ, ಆದರೆ ಕಣ್ಣುಬೇನೆಯ ಹಾಗೆ ಪಿಸರು ಇರುವುದಿಲ್ಲ.

ಹೆಚ್ಚಿನವರಿಗೆ ಇಲ್ಲಿಗೇ ಮುಗಿಯುತ್ತದೆ. ಕೆಲವರಲ್ಲಿ ಒಂದು ವಾರದ ಹೊತ್ತಿಗೆ ಜ್ವರ ಇಳಿದು, ಒಂದೆರಡು ದಿನ ಆರಾಮ ಅನ್ನಿಸಿ, ಮತ್ತೆ ಏರುತ್ತದೆ. ಎರಡನೇ ಸಲ ಬರುವಾಗ ಕಣ್ಣು ಹಳದಿ, ಮೂತ್ರ ಕಡಿಮೆ, ಕೆಮ್ಮಿನಲ್ಲಿ ರಕ್ತ. ಲಿವರ್, ಮೂತ್ರಪಿಂಡ, ಶ್ವಾಸಕೋಶಕ್ಕೆ ಪೆಟ್ಟು ಬಿದ್ದಾಗಿದೆ ಎಂದು ಅರ್ಥ. ಶ್ವಾಸಕೋಶದಲ್ಲಿ ರಕ್ತಸ್ರಾವ ಆದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಉಳಿಯದಿರಬಹುದು. ‘ಸಣ್ಣ ಜ್ವರ, ಎರಡು ಪ್ಯಾರಾಸಿಟಮಾಲ್ ತಕ್ಕೊಂಡ್ರೆ ಸರಿಯಾಗ್ತದೆ’ ಅಂತ ಅಂಗಡಿ ಬಾಗಿಲು ಹಾಕದೆ ಕೂತವರಿಗೆ ನಡುವಿನ ಆ ಎರಡು ದಿನದ ಆರಾಮವೇ ಮೋಸ. ನೋವು ತಡೆಯಲಾಗದೆ ಮೆಡಿಕಲ್‌ನಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗುವುದು ಇನ್ನೂ ಅಪಾಯ. ಮೊದಲೇ ಪೆಟ್ಟು ತಿಂದ ಮೂತ್ರಪಿಂಡಕ್ಕೆ ಅದು ಮತ್ತೊಂದು ಏಟು. ಮೀನಖಂಡ ನೋವಿಗೆ ಎಣ್ಣೆ ಹಚ್ಚಿ ತಿಕ್ಕುತ್ತಾ ದಿನ ಕಳೆಯುವುದೂ ಉಂಟು.

ಪರೀಕ್ಷೆಯ ವಿಷಯದಲ್ಲಿಯೂ ಒಂದು ತೊಡಕಿದೆ. ಸಾಮಾನ್ಯವಾಗಿ ಮಾಡುವ ರಕ್ತ ಪರೀಕ್ಷೆ ಹುಡುಕುವುದು ರೋಗಾಣುವಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು. ಅವು ತಯಾರಾಗಲು ಜ್ವರ ಶುರುವಾಗಿ ಐದರಿಂದ ಏಳು ದಿನ ಬೇಕು. ಎರಡನೇ ದಿನ ಮಾಡಿದ ಪರೀಕ್ಷೆ ನೆಗೆಟಿವ್ ಬಂತು ಅಂದರೆ ಇಲಿ ಜ್ವರ ಅಲ್ಲ ಅಂತ ಅರ್ಥ ಅಲ್ಲ. ಅದಕ್ಕೇ ಅನುಭವಿ ವೈದ್ಯರು ಲಕ್ಷಣ ಮತ್ತು ‘ನೀರಿಗೆ ಇಳಿದಿದ್ದೀರಾ’ ಎಂಬ ಪ್ರಶ್ನೆಯ ಉತ್ತರ ನೋಡಿ, ರಿಪೋರ್ಟಿಗೆ ಕಾಯದೆ ಔಷಧ ಶುರು ಮಾಡುತ್ತಾರೆ. ಸಣ್ಣ ಮಟ್ಟದ್ದಾದರೆ ಡಾಕ್ಸಿಸೈಕ್ಲಿನ್ ಮಾತ್ರೆ, ಜೋರಾದರೆ ಆಸ್ಪತ್ರೆಯಲ್ಲಿ ಪೆನ್ಸಿಲಿನ್ ಅಥವಾ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್.

ವಾರಕ್ಕೊಂದು ಸಲ

ಭಾರತದಲ್ಲಿ ಮನುಷ್ಯರಿಗೆ ಇಲಿ ಜ್ವರದ ಲಸಿಕೆ ಬಳಕೆಯಲ್ಲಿಲ್ಲ. ಇರುವುದು ಡಾಕ್ಸಿಸೈಕ್ಲಿನ್. ಪನಾಮಾದ ಕಾಡಿನಲ್ಲಿ ತರಬೇತಿಗೆ ಹೋದ ಅಮೆರಿಕದ ಸೈನಿಕರ ಮೇಲೆ ನಡೆದ, 1984ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ವಾರಕ್ಕೆ 200 ಮಿಲಿಗ್ರಾಂ ತಗೊಂಡವರಲ್ಲಿ ಒಬ್ಬರಿಗೆ ಮಾತ್ರ ಕಾಯಿಲೆ ಬಂತು, ಬರೀ ಹುಸಿ ಮಾತ್ರೆ ತಗೊಂಡ ಅಷ್ಟೇ ಸಂಖ್ಯೆಯ ಗುಂಪಿನಲ್ಲಿ 20 ಮಂದಿಗೆ. ಮುಂದೆ ಅಂಡಮಾನಿನಲ್ಲಿ ನಡೆದ ಪ್ರಯೋಗದಲ್ಲಿ ಮಾತ್ರೆ ಸೋಂಕನ್ನು ತಡೆಯಲಿಲ್ಲ, ಆದರೆ ಸೋಂಕು ಕಾಯಿಲೆಯಾಗಿ ಬೆಳೆಯುವುದನ್ನು ಕಡಿಮೆ ಮಾಡಿತು. ಅಂದರೆ ಮಾತ್ರೆ ನುಂಗಿದ ಮೇಲೆ ಬೂಟು ಬೇಡ ಅನ್ನುವ ಹಾಗಿಲ್ಲ.

ಕೇರಳದಲ್ಲಿ ಕೆಸರು ನೀರಿನಲ್ಲಿ ದುಡಿಯುವ ವಯಸ್ಕರಿಗೆ ಆರೋಗ್ಯ ಕೇಂದ್ರಗಳಲ್ಲಿ ಇದನ್ನು ಉಚಿತವಾಗಿ ಕೊಡುತ್ತಾರೆ. ವಾರಕ್ಕೆ ಒಮ್ಮೆ 200 ಮಿಲಿಗ್ರಾಂ, ಊಟವಾದ ಮೇಲೆ, ಸಾಕಷ್ಟು ನೀರಿನ ಜೊತೆ. ಖಾಲಿ ಹೊಟ್ಟೆಗೆ ತಗೊಂಡು ಹೊಟ್ಟೆ ಉರಿದು ಎರಡನೇ ವಾರ ಬಿಟ್ಟವರು ಬಹಳ. ಗರ್ಭಿಣಿಯರಿಗೆ ಇದು ಆಗುವುದಿಲ್ಲ, ಮಕ್ಕಳಿಗೆ ಏನು, ಎಷ್ಟು ಎಂಬುದನ್ನು ವೈದ್ಯರೇ ಹೇಳಬೇಕು. ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ತಂದುಕೊಟ್ಟ ಮಾತ್ರೆಯನ್ನು ಕಪಾಟಿನ ಮೇಲಿಟ್ಟು ಮರೆಯುವ ಮನೆಗಳಿಗೆ ಕೊರತೆ ಇಲ್ಲ.

ಇಲಿಗೆ ಪಾಷಾಣ ಇಡುವುದೊಂದೇ ಪರಿಹಾರ ಎಂದುಕೊಂಡರೆ ಹಣ ಹಾಳು. ತಿನ್ನಲು ಇದ್ದಲ್ಲಿಗೆ ಬೇರೆ ಇಲಿ ಬಂದೇ ಬರುತ್ತದೆ, ಉಳಿದವು ಮತ್ತಷ್ಟು ಮರಿ ಹಾಕುತ್ತವೆ. ಗೋದಾಮಿನಲ್ಲಿ ಮೂಟೆಯನ್ನು ಗೋಡೆಗೆ ತಾಗಿಸದೆ, ಹಲಗೆಯ ಮೇಲೆ ಎತ್ತರಿಸಿ ಇಡುವುದು, ಶಟರ್ ಅಡಿಯ ಸಂದು ಮುಚ್ಚುವುದು, ರಾತ್ರಿ ಕಸದ ಬುಟ್ಟಿಗೆ ಮುಚ್ಚಳ ಹಾಕುವುದು. ಇವು ನಿಧಾನದ ಕೆಲಸ, ಆದರೆ ಫಲ ಕೊಡುವುದು ಇವೇ. ನೀರು ನುಗ್ಗಿದ ನೆಲವನ್ನು ಬ್ಲೀಚಿಂಗ್ ಪೌಡರ್ ಹಾಕಿ ತೊಳೆದರೆ ರೋಗಾಣು ಸಾಯುತ್ತದೆ. ನೆರೆ ನೀರು ಸೇರಿದ ಬಾವಿಗೆ ಕ್ಲೋರಿನ್ ಹಾಕಬೇಕು, ಕುಡಿಯುವ ನೀರು ಕುದಿಸಬೇಕು.

ಮಂಜೇಶ್ವರ, ಉಪ್ಪಳ, ಕುಂಬಳೆಯವರು ಜ್ವರ ಜೋರಾದಾಗ ತಲಪಾಡಿ ದಾಟಿ ದೇರಳಕಟ್ಟೆ, ಮಂಗಳೂರಿನ ಆಸ್ಪತ್ರೆಗಳಿಗೆ ಹೋಗುವುದು ರೂಢಿ. ಅಲ್ಲಿನ ವೈದ್ಯರಿಗೆ ಇವರ ಊರಿನ ತೋಡು ಗೊತ್ತಿಲ್ಲ, ಮೂರು ವಾರದ ಹಿಂದೆ ಅಂಗಡಿಗೆ ನೀರು ನುಗ್ಗಿದ್ದೂ ಗೊತ್ತಿಲ್ಲ. ಚೀಟಿ ಮಾಡಿಸಿ ಒಳಗೆ ಹೋದ ಕೂಡಲೇ, ಅವರು ಕೇಳುವ ಮೊದಲೇ, ಯಾವ ದಿನ ಯಾವ ನೀರಿಗೆ ಇಳಿದದ್ದು, ಕಾಲಿನಲ್ಲಿ ಗಾಯ ಇತ್ತೋ ಇಲ್ಲವೋ, ಡಾಕ್ಸಿಸೈಕ್ಲಿನ್ ತಗೊಂಡದ್ದು ಯಾವಾಗ ಎಂಬುದನ್ನು ರೋಗಿಯ ಜೊತೆ ಹೋದವರೇ ಹೇಳಿಬಿಡಬೇಕು.